ಬಾವಿಯ ಕೆಸರು ಹೇಳಿದ್ದು

ಗುಬ್ಬಿಯ ನಮ್ಮ ಮನೆಯ ಬಾವಿನೀರು ಡೀಸೆಲ್ ನಾರುತ್ತಿದೆ ಎಂದು ಮೊದಲು ಹೇಳಿದ್ದು ಅಮ್ಮ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನಾಗ ತುಮಕೂರಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ, ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಸಂಜೆ ಬಂದು ಬಗ್ಗಿ ನೋಡಿದರೆ ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ. ಬೀದಿಯ ಮೇಲ್ಗಡೆ ಹಳೆಯ ಪೆಟ್ರೋಲ್ ಬಂಕ್ ಇತ್ತು. ಕೇಳಲು ಹೋದರೆ ಅದರ ಯಜಮಾನ, "ನಮ್ ಟ್ಯಾಂಕ್ ಗಟ್ಟಿಯಾಗೈತೆ, ಬೇರೆ ಕಡೆ ನೋಡ್ಕಳಿ ಮೇಷ್ಟ್ರೇ" ಎಂದ.

ಅಂದಿನಿಂದ ಕೆಳಗಿನ ಮನೆಯ ಅಜ್ಜಿಯ ಬಾವಿಯಿಂದ ನೀರು ಹೊತ್ತೆವು.

ನನ್ನ ಅಕ್ಕ ಮಂಗಳೂರಿನ ಲ್ಯಾಬ್ ಒಂದರಲ್ಲಿದ್ದಳು. ಹಡಗುಗಳಿಂದ ಸಮುದ್ರಕ್ಕೆ ಸೋರಿದ ಎಣ್ಣೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳನ್ನು ಬೆಳೆಸುವುದು ಅವಳ ಕೆಲಸ. ಸುದ್ದಿ ತಿಳಿದು, ಅವುಗಳನ್ನೇ ಒಂದಿಷ್ಟು ಸೀಸೆಯಲ್ಲಿ ತಂದಳು.

ಅಡುಗೆಮನೆಯ ಕಿಟಕಿಯಲ್ಲಿ ಮೂರು ಬಾಟಲಿ ಇಟ್ಟಳು. ಎರಡಕ್ಕೆ ನಮ್ಮ ಬಾವಿನೀರು, ಸಮುದ್ರದ ಜೀವಿಗಳು; ಅದರಲ್ಲಿ ಒಂದಕ್ಕೆ ಮಾತ್ರ ಉಪ್ಪು. ಮೂರನೆಯದಕ್ಕೆ ಬರೀ ಬಾವಿನೀರು, ಬಾವಿತಳದ ಕೆಸರು. ಎಲ್ಲದಕ್ಕೂ ನಾಲ್ಕು ಹನಿ ಡೀಸೆಲ್ ಬಿಟ್ಟು, ದಿನವೂ ಕುಲುಕಿ ಇಡುತ್ತಿದ್ದಳು.

ಸಿಹಿನೀರಿನಲ್ಲಿ ಸಮುದ್ರದವು ಬದುಕಲಿಲ್ಲ. ಉಪ್ಪಿನ ಬಾಟಲಿಯಲ್ಲಿ ಎಣ್ಣೆ ಒಡೆಯತೊಡಗಿತು.

"ಹಂಗಾದ್ರೆ ಬಾವಿಗೆ ಉಪ್ಪು ಸುರಿಯೋಣ್ವೇನೇ?" ಎಂದಳು ಅಮ್ಮ.

"ಆಮೇಲೆ ಕುಡಿಯೋದೇನಮ್ಮ?"

ಆದರೆ ಎಲ್ಲಕ್ಕಿಂತ ಬೇಗ ಎಣ್ಣೆ ಕರಗಿದ್ದು ಬರೀ ಕೆಸರಿನ ಬಾಟಲಿಯಲ್ಲಿ. ಅಮ್ಮನಿಗೆ ಖುಷಿ. "ನೋಡ್ದಾ, ನಮ್ ಬಾವಿ ತಾನೇ ಕ್ಲೀನ್ ಮಾಡ್ಕಂತಾ ಐತೆ!"

ಅಕ್ಕ ನಗಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು: "ತಿನ್ನೋಕೆ ಎಣ್ಣೆ ಸಿಗದೆ ಕೆಸರಲ್ಲಿ ಈ ಜೀವಿಗಳು ಇಷ್ಟೊಂದು ಬೆಳೆಯಲ್ಲ ಕಣೋ. ಎಣ್ಣೆ ಎಷ್ಟೋ ವರ್ಷದಿಂದ ಒಸೀತಾ ಇದೆ. ಬಂದಷ್ಟನ್ನ ಇವು ತಿಂತಿದ್ವು, ಅದಕ್ಕೇ ನಮಗೆ ಗೊತ್ತಾಗ್ಲಿಲ್ಲ. ಈಗ ಇವಕ್ಕೂ ಮೀರಿ ಬರ್ತಿದೆ."

ಅಷ್ಟು ವರ್ಷವೂ ನಾವು ಕುಡಿದದ್ದು ಆ ನೀರೇ.

ಮಾರನೆಯ ದಿನ ಕೆಳಗಿನ ಮನೆಗೆ ಹೋದೆವು. ಅಜ್ಜಿ ಕಾಫಿ ಕೊಟ್ಟಳು. "ನಮ್ ನೀರು ಕಲ್ಲುಸಕ್ಕರೆ ಇದ್ದಂಗೆ" ಎಂದಳು. ನಿಜ, ಅದರಲ್ಲಿ ಯಾವ ವಾಸನೆಯೂ ಇರಲಿಲ್ಲ. ಅಕ್ಕ ಬಕೆಟ್ ಇಳಿಬಿಟ್ಟು ತಳದ ಕೆಸರು ತೆಗೆದಳು. ಕಿಟಕಿಯಲ್ಲಿಟ್ಟ ಹೊಸ ಬಾಟಲಿಯಲ್ಲೂ ಡೀಸೆಲ್ ಅಷ್ಟೇ ಬೇಗ ಮಾಯವಾಯಿತು.

ಎಣ್ಣೆ ಅವಳ ಬಾವಿಗೂ ಒಸರುತ್ತಿದೆ ಎಂದು ಹೋಗಿ ಹೇಳಿದರೆ ಅಜ್ಜಿ ನಂಬಲಿಲ್ಲ. "ವಾಸ್ನೇನೇ ಇಲ್ವಲ್ಲವ್ವ. ಸುಮ್ಕೆ ಯಾಕೆ ಹೆದರಿಸ್ತೀಯ, ಬುಡು."

ನಾವು ಬಾವಿಗೆ ಚಪ್ಪಡಿ ಮುಚ್ಚಿಸಿ ನಲ್ಲಿ ಹಾಕಿಸಿಕೊಂಡೆವು. ಅಕ್ಕ ಮಂಗಳೂರಿಗೆ ಹೋದಳು. ಕೆಲವು ವರ್ಷಗಳ ನಂತರ ಬಂಕಿನವರು ಹಳೇ ಟ್ಯಾಂಕ್ ಅಗೆದು ತೆಗೆದಾಗ ನಾನೂ ನೋಡಲು ಹೋಗಿದ್ದೆ. ಅದರ ತಳ ಜರಡಿಯಾಗಿತ್ತು. ಅಷ್ಟರಲ್ಲಿ ನೀರು ನಾರತೊಡಗಿ ಅಜ್ಜಿಯೂ ತನ್ನ ಬಾವಿ ಮುಚ್ಚಿಸಿದ್ದಳು. ಅವಳ ಮನೆಯಿಂದ ಕೆಳಗೆ ಇನ್ನೂ ನಾಲ್ಕೈದು ಮನೆಗಳಿದ್ದವು. ಅವನ್ನು ದಾಟಿದರೆ ಕೆರೆ.