ದಡ್ಡಿಯ ಗಾಣದ ತಲೆಯಿಲ್ಲದ ಎಂಜಿನ್

ಕೊರೊನಾ ತಣ್ಣಗಾದ ಮರುವರ್ಷದ ಮಾತು. ಗೋಕಾಕದಲ್ಲಿ ನನ್ನ ಬೋರಿಂಗ್ ವರ್ಕ್‌ಶಾಪಿಗೆ ಆಗ ಇಪ್ಪತ್ತೆಂಟು ವರ್ಷ ತುಂಬಿತ್ತು. ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಪಿಸ್ಟನ್ ಹೋಗಿ ಬಂದು ಹೋಗಿ ಬಂದು ಸಿಲಿಂಡರಿನ ಒಳಗೋಡೆ ಸವೆಯುತ್ತದೆ, ಗುಂಡಗಿದ್ದದ್ದು ಸೊಟ್ಟಗಾಗುತ್ತದೆ. ಅದನ್ನು ಮತ್ತೆ ಗುಂಡಗೆ ಕೊರೆದು, ತುಸು ದೊಡ್ಡದಾದ ಪಿಸ್ಟನ್ ಕೂಡಿಸುವುದೇ ಬೋರಿಂಗ್. ಸವೆದದ್ದೆಲ್ಲ ಗುಜರಿಯಲ್ಲ ಎಂಬುದು ನಮ್ಮ ಹೊಟ್ಟೆಪಾಡು. ಅದಕ್ಕೇ ಗುಜರಿ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಜನವರಿಯ ಒಂದು ಸೋಮವಾರ ಹುಕ್ಕೇರಿ ತಾಲ್ಲೂಕಿನ ದಡ್ಡಿಯಿಂದ ಪದ್ಮಕ್ಕ ಎಂಬ ಹೆಣ್ಣುಮಗಳು ಕೆಟ್ಟು ನಿಂತ ಎಂಜಿನ್ನನ್ನು ಟೆಂಪೊದಲ್ಲಿ ಹೇರಿಸಿಕೊಂಡು ಬಂದರು. ಅರವತ್ತರ ಆಸುಪಾಸು. ಜೈನ ಒಕ್ಕಲು ಮನೆತನ, ಗಂಡ ತೀರಿದ ಮೇಲೆ ಬೆಲ್ಲದ ಗಾಣವನ್ನು ತಾವೇ ನಡೆಸುತ್ತಿದ್ದರು. ಜೊತೆಗೆ ಮೈದುನ ಅಣ್ಣಾಸಾಹೇಬರು. ಗಾಣ ಮುಚ್ಚಬೇಕೆಂದು ಅವರ ಹಟ, ಮುಚ್ಚುವುದಿಲ್ಲವೆಂದು ಇವರ ಹಟ. ಕೊನೆಗೆ ಮನೆಯಲ್ಲಿ ಒಂದು ಮಾತಾಗಿತ್ತು: ಹದಿನೈದು ದಿನದೊಳಗೆ ಎಂಜಿನ್ ಚಾಲೂ ಆಗದಿದ್ದರೆ ಎಂಜಿನ್ನು, ಗಾಣ, ಕೊಪ್ಪರಿಗೆ ಎಲ್ಲವೂ ಗುಜರಿಗೆ.

"ಇದಕ್ಕ ಹೆಡ್ಡ ಇಲ್ಲರಿ ಮಿಸ್ತ್ರಿ. ತಲೀನ ಇಲ್ಲದ್ದಕ್ಕ ಏನ್ ಔಷಧ ಕೊಡತೀರಿ?" ಎಂದು ಅಣ್ಣಾಸಾಹೇಬರು ನಕ್ಕರು.

ಖರೆ, ಹೆಡ್ ಇರಲಿಲ್ಲ. ಸಾಮಾನ್ಯ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಒಂದು ಪಿಸ್ಟನ್, ಮೇಲೆ ಮುಚ್ಚಳದಂತೆ ಹೆಡ್. ಇದರಲ್ಲಿ ಒಂದೇ ಉದ್ದನೆಯ ಸಿಲಿಂಡರಿನೊಳಗೆ ಎರಡು ಪಿಸ್ಟನ್, ಎರಡು ತುದಿಗಳಿಂದ ಒಂದಕ್ಕೊಂದು ಎದುರಾಗಿ ಓಡಿ ಬರುವಂಥವು. ಅಪೋಸ್ಡ್ ಪಿಸ್ಟನ್ ಎನ್ನುತ್ತಾರೆ. ಪದ್ಮಕ್ಕನ ಮಾವನವರು ಸಾಂಗ್ಲಿ ಕಡೆಯ ಹಳೆಯ ಗಿರಣಿಯೊಂದರಿಂದ ತಂದದ್ದಂತೆ. ನಾನು ಪುಸ್ತಕದಲ್ಲಿ ನೋಡಿದ್ದೆ, ಕೈಯಲ್ಲಿ ಮುಟ್ಟಿರಲಿಲ್ಲ. ಸಿಲಿಂಡರಿನ ವ್ಯಾಸ 85 ಮಿಲಿಮೀಟರ್, ಒಂದೊಂದು ಪಿಸ್ಟನ್ನಿನ ಓಟ 100. ಎಂಜಿನ್ನಿನ ಸಿಸಿ, ಅಂದರೆ ಪಿಸ್ಟನ್ನುಗಳು ಓಡಾಡುವ ಜಾಗದ ಅಳತೆ, ಎರಡನ್ನೂ ಕೂಡಿಸಿದರೆ 1135.

"ಆಗತೈತಿ, ಬಿಟ್ಟ ಹೋಗ್ರಿ," ಅಂದೆ. ಆ ನಗು ನನ್ನನ್ನು ಕೆಣಕಿತ್ತು.

ಕೆಣಕಿಸಿಕೊಂಡವನು ಅವಸರ ಮಾಡುತ್ತಾನೆ. ಸಿಲಿಂಡರಿನ ಬಾಯಿಯಿಂದ ಒಂದು ಇಂಚು ಒಳಗೆ ಗೇಜು ಇಟ್ಟು ಸವಕಳಿ ನೋಡುವುದು ನಮ್ಮ ರೂಢಿ. ಹೆಚ್ಚು ಸವೆಯುವುದು ಅಲ್ಲಿಯೇ. ಎರಡೂ ಬಾಯಿಗಳಲ್ಲಿ ಇಟ್ಟೆ. ಬರೀ 0.06 ಮಿಲಿಮೀಟರ್! ಇಷ್ಟಕ್ಕೆ ಬೋರಿಂಗ್ ಯಾಕೆಂದು, ಸಾಣೆಕಲ್ಲು ಆಡಿಸಿ ಒಳಗೋಡೆ ಹದ ಮಾಡಿದೆ. ಕಲ್ಲು ನಟ್ಟನಡುವೆ ಸಡಿಲಾದದ್ದು ಕೈಗೆ ತಿಳಿಯಿತು. ಗಾಳಿ, ಹೊಗೆಗೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಗಳಿಂದ ಹಾಗಾಗಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಒತ್ತಡ ಸೋರದಂತೆ ಪಿಸ್ಟನ್ನಿಗೆ ತೊಡಿಸುವ ರಿಂಗ್ ಹೊಸದು ಹಾಕಿ ನಾಲ್ಕನೆಯ ದಿನ ದಡ್ಡಿಗೆ ಒಯ್ದು ಕೂಡಿಸಿದೆ.

ಚಾಲೂ ಆಗಲಿಲ್ಲ. ಹ್ಯಾಂಡಲ್ ಹೊಡೆದು ಹೊಡೆದು ನಾಲ್ಕು ಮಂದಿಯ ರಟ್ಟೆ ಬಿದ್ದುಹೋದವು. ಬಿಳಿ ಹೊಗೆಯೊಂದೇ ಬಂತು, ಒಳಗೆ ಒತ್ತಡವೇ ನಿಲ್ಲುತ್ತಿರಲಿಲ್ಲ. ಗಾಣದ ಸುತ್ತ ಊರೇ ನೆರೆದಿತ್ತು. "ನಾ ಆವತ್ತ ಹೇಳಿದ್ನಿಲ್ರಿ?" ಅಂದರು ಅಣ್ಣಾಸಾಹೇಬರು. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು.

ಪದ್ಮಕ್ಕ ಮಾತ್ರ ಚಹಾ ತಂದರು. ಕೆಟ್ಲಿ ಇಡಲು ಜಾಗ ಹುಡುಕಿ, ರೂಢಿಯಂತೆ ಎಂಜಿನ್ನಿನ ಮೇಲೆಯೇ ಇಟ್ಟರು, ಸರಿಯಾಗಿ ನಡುಮಧ್ಯದಲ್ಲಿ. ನಾನು ಕೇಳಿದೆ:

"ಯಾವಾಗ್ಲೂ ಅಲ್ಲೇ ಇಡತೀರೇನ್ರಿ ಅಕ್ಕಾರ?"

"ಮತ್ತೆಲ್ಲಿ ಇಡೂದ್ರಿ? ಮಷಿನ್ ನಡ್ಯಾಕತ್ತಿದ್ರ ನಡಕ ಇಟ್ಟ ಚಹಾ ಆರೂದಿಲ್ಲ. ತುದಿಗಿ ಇಟ್ರ ಗಳಿಗ್ಯಾಗ ತಣ್ಣಗಾಗತೈತಿ."

ಕಪಾಳಕ್ಕೆ ಹೊಡೆದಂತಾಯಿತು. ಬಾಯಿಯ ಬಳಿ ಸಿಲಿಂಡರ್ ಹೆಚ್ಚು ಸವೆಯುವುದು ಬಾಯಿಯೆಂಬ ಕಾರಣಕ್ಕಲ್ಲ. ಹೆಡ್ಡಿನ ಕೆಳಗೆ ಬೆಂಕಿ ಹತ್ತುವುದು ಅಲ್ಲಿ ಎಂಬ ಕಾರಣಕ್ಕೆ. ಇಲ್ಲಿ ಎರಡು ಪಿಸ್ಟನ್ ಕೂಡುವ ನಡುವೆ ಬೆಂಕಿ. ಡೀಸೆಲ್ ಸಿಡಿಸುವ ನಳಿಕೆಯೂ ಅಲ್ಲಿಯೇ ಕಣ್ಣಿಗೆ ರಾಚುವಂತೆ ಇತ್ತು. ಇಪ್ಪತ್ತೆಂಟು ವರ್ಷದ ರೂಢಿ ನನ್ನ ಕಣ್ಣು ಕಟ್ಟಿತ್ತು.

ಅಲ್ಲೇ ಬಿಚ್ಚಿ ನಡುವೆ ಗೇಜು ಇಟ್ಟೆ. 0.32. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ, "ತಪ್ಪು ನಂದು. ಎಂಜಿನ್ನಿಂದಲ್ಲ. ಇನ್ನ ಹನ್ನೊಂದ ದಿನ ಐತಿ."

ಆದರೆ ನನ್ನ ಬೋರಿಂಗ್ ಮಷಿನ್ನಿನ ಕೈ 300 ಮಿಲಿಮೀಟರಿಗಿಂತ ಒಳಗೆ ಹೋಗುವುದಿಲ್ಲ, ಸಿಲಿಂಡರಿನ ಉದ್ದವೋ 450. ಒಂದು ಕಡೆಯಿಂದ ಕೊರೆದು, ತಿರುಗಿಸಿ, ಇನ್ನೊಂದು ಕಡೆಯಿಂದ ಕೊರೆದರೆ ನಡುವೆ ಎರಡು ಕೊರೆತ ಕೂಡುವಲ್ಲಿ ಮೆಟ್ಟಿಲಾಗುತ್ತದೆ. ಕೂದಲೆಳೆಯಷ್ಟು ಮೆಟ್ಟಿಲಾದರೂ ರಿಂಗ್ ಮುರಿಯುತ್ತದೆ. ಅದಕ್ಕೆ ಮರುದಿನ ಬೆಳಿಗ್ಗೆ ಸಿಲಿಂಡರನ್ನು ಹೇರಿಕೊಂಡು ಅರಭಾವಿ ದಾಟಿ ಮೂಡಲಗಿಗೆ ಹೋದೆ. ಅಲ್ಲಿ ಗೆಳೆಯ ದಸ್ತಗೀರನ ಹತ್ತಿರ ಕಬ್ಬಿಣ ಕಡೆಯುವ ಎಂಟು ಅಡಿಯ ಲೇತ್ ಯಂತ್ರ ಇತ್ತು.

"ಲೇತ್ ಮ್ಯಾಲ ಸಿಲಿಂಡರ್ ಬೋರಿಂಗ್? ತಲಿ ನೆಟ್ಟಗ ಐತಿಲ್ಲೊ?" ಅಂದ ದಸ್ತಗೀರ.

"ಬಾರ್ ತಿರಗಲಿ, ಸಿಲಿಂಡರ್ ಜರಗಲಿ. ಒಂದ ಬಾರ್, ಒಂದ ದಾರಿ. ಮೆಟ್ಟಲ ಎಲ್ಲಿಂದ ಬರತೈತಿ?"

ಗಲ್ಲ ಕೆರೆದುಕೊಂಡು ಯೋಚಿಸಿದ. ಆಮೇಲೆ ಹಾಕಿದ್ದ ಬೇರೆ ಕೆಲಸ ಇಳಿಸಿ ಲೇತ್ ಖಾಲಿ ಮಾಡಿಕೊಟ್ಟ. ನಾಲ್ಕು ಅಡಿಯ ಗಟ್ಟಿ ಬಾರಿಗೆ ಕಟರ್ ಕೂಡಿಸಿ ಎರಡು ತುದಿ ಹಿಡಿದು ತಿರುಗಿಸಿದೆವು. ಸಿಲಿಂಡರ್ ಬಿಗಿದ ಲೇತಿನ ಗಾಡಿ ಇರುವೆಯಂತೆ ಮುಂದಕ್ಕೆ ಜರುಗಿತು. ಕಿಂಡಿಗಳ ಮೇಲೆ ಕಟರ್ ಹಾಯ್ದಾಗಲೆಲ್ಲ ಟಕ್ ಟಕ್ ಸದ್ದು, ನನ್ನೆದೆಯದೂ ಅದೇ ಸದ್ದು. ಮೂರು ಸಲ ಕೊರೆದು, ಸಾಣೆ ಹಿಡಿದು, ಕಿಂಡಿಗಳ ಅಂಚು ಮೊಂಡು ಮಾಡಿ ಅಳೆದೆವು. ಈ ತುದಿ, ಆ ತುದಿ, ನಡು, ಎಲ್ಲೆಡೆ 85.50. ಪಿಸ್ಟನ್ನುಗಳನ್ನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಹಳೆಯವುಗಳ ಅಚ್ಚಿನಿಂದಲೇ ತುಸು ದೊಡ್ಡದಾಗಿ ಎರಕ ಹೊಯ್ಯಿಸಿ ತಂದೆ. ರಿಂಗ್ ಮಾತ್ರ ಬೇರೊಂದು ಪಂಪಿನ ಎಂಜಿನ್ನಿನವು, ಪುಣ್ಯಕ್ಕೆ ಹೊಂದಿಕೊಂಡವು. ಸಿಸಿ ಈಗ 1148 ಆಯಿತು. ಹದಿಮೂರು ಸಿಸಿ ಹೆಚ್ಚೇ ಕೊಟ್ಟಿದ್ದೆ!

ಹದಿನೈದನೆಯ ದಿನ ಬೆಳಿಗ್ಗೆ ದಡ್ಡಿಯಲ್ಲಿ ಎಂಜಿನ್ ಕೂಡಿಸಿ ಮುಗಿಸುವಾಗ ಗುಜರಿಯವನ ಲಾರಿ ಸರಪಳಿ ಸಮೇತ ಬಂದು ನಿಂತಿತ್ತು. ಅಣ್ಣಾಸಾಹೇಬರು ಕೈಗಡಿಯಾರ ನೋಡುತ್ತಿದ್ದರು. ನಾನೇ ಹ್ಯಾಂಡಲ್ ಹಿಡಿದೆ. ಈ ಸಲ ಅದು ಕೈಗೆ ಎದುರು ನಿಂತಿತು, ಒಳಗೆ ಒತ್ತಡ ಕಟ್ಟಿತ್ತು. ಮೂರನೆಯ ಸುತ್ತಿಗೆ ಎಂಜಿನ್ ಒಮ್ಮೆ ಕೆಮ್ಮಿ ಓಡತೊಡಗಿತು. ಪಟ್ಟಾ ಏರಿಸಿದರು, ಗಾಣ ತಿರುಗಿತು, ಕಬ್ಬಿನ ಹಾಲು ಸುರಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದಲ್ಲ, ಹೊಗೆಯೇ ಇರಲಿಲ್ಲ.

ಪದ್ಮಕ್ಕ ಸೆರಗು ಸಿಕ್ಕಿಸಿಕೊಂಡು ಲಾರಿಯ ಹತ್ತಿರ ಹೋದರು. "ದೂರದಿಂದ ಬಂದೀರಿ. ಕಬ್ಬಿನ ಹಾಲ ಕುಡದ ಹೋಗ್ರಿ. ಸರಪಳಿ ಮಾತ್ರ ಕೆಳಗ ಇಳಸಬ್ಯಾಡ್ರಿ," ಅಂದರು. ಮೈದುನರ ಕೈಗೂ ಒಂದು ತಂಬಿಗೆ ಕೊಟ್ಟರು. ಅವರು ಕುಡಿದು ತಂಬಿಗೆ ಖಾಲಿ ಮಾಡಿ ಕೊಟ್ಟರು.

ಆ ಗಾಣ ಈಗಲೂ ನಡೆಯುತ್ತಿದೆ. ವಿಚಿತ್ರ ಎಂಜಿನ್ ಇದ್ದರೆ ಗುಜರಿಗೆ ಹಾಕುವ ಮೊದಲು ಸುತ್ತಲಿನವರು ನನ್ನ ಹತ್ತಿರ ತರುತ್ತಾರೆ. ಗೇಜು ಕೈಗೆತ್ತಿಕೊಳ್ಳುವ ಮುಂಚೆ ಮಷಿನ್ ನಡೆಸುವವರನ್ನು ನಾನು ಕೇಳುವ ಮೊದಲ ಪ್ರಶ್ನೆಗೆ ಪೇಟೆಯ ಮಿಸ್ತ್ರಿಗಳು ನಗುತ್ತಾರೆ. ನಗಲಿ. ನಾನು ಕೇಳುವುದು ಬಿಡುವುದಿಲ್ಲ: "ಚಹಾದ ಕೆಟ್ಲಿ ಎಲ್ಲಿ ಇಡತೀರಿ?"