ಊಟದ ಸಾಲಿನಲ್ಲಿ ಚೀನಾದ ಗಡಿ

ಇವತ್ತು ಬೆಳಿಗ್ಗೆ ಪ್ಲೇನ್‌ಫೀಲ್ಡಿನ ನಮ್ಮ ಮನೆಯ ಬೇಸ್‌ಮೆಂಟಿನಿಂದ ಚಳಿಗಾಲದ ಕೋಟುಗಳನ್ನು ಮೇಲೆ ತಂದೆ. ಪೆಟ್ಟಿಗೆ ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಅಡರಿತು. ಅದರ ಹಿಂದೆಯೇ ಶಾಂತಾ ಆಂಟಿ ನೆನಪಿಗೆ ಬಂದರು. ಚಳಿಗಾಲ ಪೂರ್ತಿ ಅವರು ಇದೇ ವಾಸನೆಯ ಕಂದು ಕೋಟಿನಲ್ಲಿ ಇರುತ್ತಿದ್ದರು. ಕಂದೋ ಬೂದಿಯೋ, ಆಣೆ ಮಾಡಿ ಹೇಳಲಾರೆ. ದಿನಚರಿ ಬರೆಯುವ ಚಟ ಇದ್ದರೂ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ನೀವೂ ನಂಬಬೇಡಿ.

ಆಗ ನಾವು ಮಿಶಿಗನ್ನಿನ ನೋವೈಯಲ್ಲಿದ್ದೆವು. ಆಂಟಿ ಧಾರವಾಡದವರು, ಅರಿವಳಿಕೆ ಡಾಕ್ಟರಾಗಿದ್ದು ನಿವೃತ್ತರಾದವರು. ಲೈಬ್ರರಿಯಲ್ಲಿ ಕೈಗೆ ಸಿಕ್ಕ ಒಂದು ಸಂಕಲನದಿಂದ ಅವರಿಗೆ ಹಳೆಯ ಚೀನೀ ಗಡಿ ಪದ್ಯಗಳ ಹುಚ್ಚು ಹಿಡಿಯಿತು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಮರಳುಗಾಡಿನ ಅಂಚಿನ ಕೋಟೆಗಳಲ್ಲಿ ಕಾವಲು ನಿಂತವರ ಪದ್ಯಗಳು. ಪಕ್ಕದ ಮನೆಯ ಚೀನೀ ಹೆಂಗಸನ್ನು ಕೂರಿಸಿಕೊಂಡು, ಚಹಾ ಕುಡಿಸಿ, ಒಂದೊಂದೇ ಪದದ ಅರ್ಥ ಕೇಳಿ ಕನ್ನಡಕ್ಕೆ ತರುತ್ತಿದ್ದರು. ದೇಶಭಕ್ತಿ ಎಂದರೆ ಜಯಘೋಷ ಎಂದುಕೊಂಡಿದ್ದವನು ನಾನು, ಸಾಹಿತ್ಯದ ಪದವಿಯೊಂದು ಬೇರೆ ಇತ್ತು. ಆ ಪದ್ಯಗಳಲ್ಲಿ ಗಡಿ ಬಿಟ್ಟು ಕದಲೆನೆಂಬ ಹಟವೇನೋ ಇತ್ತು. ಪಕ್ಕದಲ್ಲೇ ಮನೆಯ ಹಂಬಲವೂ ಇತ್ತು, ಬೆಚ್ಚಗೆ ಕುಳಿತ ದಂಡನಾಯಕರ ಮೇಲೆ ಸಿಟ್ಟೂ ಇತ್ತು. ದೇಶಕ್ಕಾಗಿ ಚಳಿಯಲ್ಲಿ ನಿಂತವನೇ ದೇಶವನ್ನು ಬೈಯುತ್ತಿದ್ದ.

ಆಂಟಿಯ ತಮ್ಮ ನಮ್ಮ ಸೇನೆಯಲ್ಲಿದ್ದ. ಉತ್ತರದ ಗಡಿಯಲ್ಲಿ, ಚೀನಾದ ಎದುರಿಗೇ ಕಾವಲಿದ್ದಾಗ, ಹಿಮ ಕುಸಿದು ತೀರಿಹೋಗಿದ್ದ. “ರಜಾಕ್ಕ ಬಂದಾಗ ಅಲ್ಲೆ ಹೆಂಗದೋ ಅಂತ ಕೇಳಿದ್ರ, ಥಂಡಿ ಅದ ಅಂತಿದ್ದ. ಅಷ್ಟ,” ಎಂದು ಆಂಟಿ ಒಮ್ಮೆ ಪುಸ್ತಕ ತಟ್ಟಿ ಹೇಳಿದ್ದರು. “ಉಳಿದದ್ದು ಇವರು ಹೇಳಿದ್ರು.”

ಆ ವರ್ಷ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ದೇಶಭಕ್ತಿಯೇ ವಿಷಯ. ಈ ಚೀನೀ ಪದ್ಯಗಳನ್ನೇ ಓದುತ್ತೇನೆಂದರು ಆಂಟಿ. ಕಾರ್ಯದರ್ಶಿ ಬೆಂಗಳೂರಿನವನು, ಒಳ್ಳೆಯವನೇ.

“ಪದ್ಯ ಸೂಪರ್ ಆಂಟಿ. ಚೈನಾದ್ದು ಅಂತ ಮಾತ್ರ ಹೇಳ್ಬೇಡಿ. ಯಾರೋ ಸೋಲ್ಜರ್‌ದು ಅಂತ ಅನೌನ್ಸ್ ಮಾಡೋಣ. ಜನ ಬೇಜಾರ್ ಮಾಡ್ಕೋತಾರೆ.”

“ತಮ್ಮನ್ನ ಕಳಕೊಂಡಾಕಿ ನಾನು. ನಿಮ್ಮ ಜನಕ್ಕೇನಪಾ ಬ್ಯಾಸರ?” ಎಂದರು ಆಂಟಿ. “ಹೆಸರು ಮುಚ್ಚಿ ಓದಿದ್ರ ಅವರ ಗಡಿ ಕದ್ದಂಗ ಆಗ್ತದ. ನಾ ಒಲ್ಲೆ.”

ಕಾರ್ಯಕ್ರಮದ ದಿನ ಮಕ್ಕಳ ಕುಣಿತ ಲಂಬಿಸಿತು. ಆಂಟಿಯ ಸರದಿಗೆ ಮೊದಲೇ ಕಾರ್ಯದರ್ಶಿ ಎಲ್ಲರನ್ನೂ ಊಟಕ್ಕೆ ಕರೆದ. ಬೇಕೆಂದೇ ಕರೆದನೋ, ನಿಜಕ್ಕೂ ಹೊತ್ತಾಗಿತ್ತೋ, ತಿಳಿಯದು. ಹೊರಗೆ ಹಿಮ ಬೀಳುತ್ತಿತ್ತು ಎಂದು ಬರೆಯಲು ಕೈ ತುಡಿಯುತ್ತಿದೆ. ದಿನಚರಿಯಲ್ಲಿ ಒಳ್ಳೆಯ ಬಿಸಿಲು ಎಂದಿದೆ.

ನಮ್ಮ ಕೂಟಗಳ ಪದ್ಧತಿ ನೀವೂ ಕಂಡಿರುತ್ತೀರಿ. ಊಟದ ಸಾಲಿನಲ್ಲಿ ಹಿರಿಯರು ಮೊದಲು. ಅವರು ಬಡಿಸಿಕೊಳ್ಳದೆ ಬೇರೆಯವರು ತಟ್ಟೆ ಚಾಚುವಂತಿಲ್ಲ. ಬನ್ನಿ ಆಂಟಿ, ಬನ್ನಿ ಎಂದು ಎಲ್ಲರೂ ಸೇರಿ ಅವರನ್ನು ಮುಂದಕ್ಕೆ ಕಳಿಸಿದರು. ಬಿಸಿಬೇಳೆಬಾತಿನ ಟ್ರೇ ಮುಂದೆ ನಿಂತ ಆಂಟಿ ತಟ್ಟೆ ಮುಟ್ಟದೆ ನಮ್ಮ ಕಡೆ ತಿರುಗಿದರು.

“ನಾ ಓದೂತನಕ ಉಣ್ಣೂದಿಲ್ಲ. ಇವು ಚೀನಾದ ಸೈನಿಕರ ಪದ. ನನ್ನ ತಮ್ಮ ಅವರ ಎದುರಿಗೆ ನಿಂತಿದ್ದ.”

ಸಾಲು ಗೊಣಗಿತು. ಒಬ್ಬರು ಮುಖ ಗಂಟಿಕ್ಕಿಕೊಂಡು ಹೊರಗೇ ಹೋದರು. “ಬೇಗ ಓದ್ಬಿಡಿ ಆಂಟಿ, ಹಪ್ಪಳ ಮೆತ್ತಗಾಗುತ್ತೆ,” ಎಂದಿತು ಹಿಂದಿನಿಂದ ಒಂದು ದನಿ. ಆಂಟಿ ಬೇಗ ಓದಲಿಲ್ಲ. ಕಬ್ಬಿಣದ ಕವಚ ಮೈಗೆ ಹೆಪ್ಪುಗಟ್ಟುವ ರಾತ್ರಿ, ಮನೆಯ ದಿಕ್ಕು ಯಾವುದೆಂದು ಚಂದ್ರನನ್ನು ಕೇಳುವವನು, ಆದರೂ ಬೆಳಗಾದರೆ ಮತ್ತೆ ಕೋಟೆ ಹತ್ತುವವನು: ಎಲ್ಲವನ್ನೂ ನಿಧಾನವಾಗಿ ಓದಿದರು. ನನ್ನ ಕಣ್ಣು ತುಂಬಿತು ಎಂದರೆ ಸುಳ್ಳಾದೀತು, ನನಗೆ ಹಸಿವಾಗಿತ್ತು. ಆದರೆ ಸಾಲಿನಿಂದ ಕದಲಲು ಆಗಲಿಲ್ಲ. ಓದಿ ಮುಗಿದಾಗ ಚಪ್ಪಾಳೆ ಬಿತ್ತೋ ಇಲ್ಲವೋ ನೆನಪಿಲ್ಲ. ಕಾರ್ಯದರ್ಶಿ ಸೌಟು ಹಿಡಿದು ಆಂಟಿಗೆ ತಾನೇ ಬಡಿಸಿದ.

ಕೋಟುಗಳನ್ನು ಗೂಟಕ್ಕೆ ಹಾಕುತ್ತಿದ್ದಾಗ ಇಲ್ಲಿನ ಕೂಟದವರ ಫೋನ್ ಬಂತು. ಜನವರಿಯ ಕಾರ್ಯಕ್ರಮ, ದೇಶಭಕ್ತಿ, ನೀವೊಂದು ಐಟಂ ಕೊಡಿ ಎಂದರು. ಚೀನಾದ ಗಡಿ ಪದ್ಯ ಓದುತ್ತೇನೆಂದೆ. “ಚೀನಾ ಅನ್ನೋದೊಂದು ತೆಗೆದ್ರೆ ಆಗುತ್ತಾ ಸಾರ್?”

“ಆಗಲ್ಲ,” ಎಂದೆ. ದನಿ ಸ್ವಲ್ಪ ನಡುಗಿತು. ನಡುಗಿದ್ದೂ ನಿಜ, ಅಂದದ್ದೂ ನಿಜ. ಇದರಲ್ಲಿ ನೆನಪಿನ ಕೈವಾಡವಿಲ್ಲ.