ಹಂಡೆಯ ತಳದ ಮುದ್ದೆ

ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಮೊದಲು ಕೈಕೊಟ್ಟಿದ್ದು ಸ್ನಾನದ ನೀರಿನ ಹಂಡೆ.

ಅವನ ಬೂದಿಯನ್ನು ಶ್ರೀರಂಗಪಟ್ಟಣದ ಹೊಳೆಗೆ ಬಿಟ್ಟು ಪಾಂಡವಪುರದ ಮನೆಗೆ ಬಂದಿದ್ದೆವು. ಎಲ್ಲರೂ ತಲೆಗೆ ನೀರು ಹಾಕಿಕೊಳ್ಳಬೇಕು. ಬಚ್ಚಲ ಒಲೆಗೆ ಬೆಂಕಿ ಹಾಕುವುದು ಅಷ್ಟು ವರ್ಷವೂ ಅಪ್ಪನದೇ ಕೆಲಸ. ಅವತ್ತು ಅವ್ವನ ತಮ್ಮ, ನನ್ನ ಸೋದರಮಾವ ಚಿಕ್ಕಣ್ಣ, ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕೂತ. ತೆಂಗಿನ ಮಟ್ಟೆ ಹತ್ತಿಕೊಂಡಿತು. ಆಮೇಲೆ ಚುಂಯ್ ಎಂದು ಆರಿತು. ಮತ್ತೆ ಹಚ್ಚಿದ. ಮತ್ತೆ ಚುಂಯ್.

ಹಂಡೆಯ ತಳ ಸೋರುತ್ತಿತ್ತು.

"ಭಾವನ್ ಜೊತೇಲೇ ಹೊಂಟೋಯ್ತು ಕಣ್ಲಾ ಇದೂವೆ," ಎಂದ ಮಾವ. ಹಿಂದಿನ ವಾರದವರೆಗೂ ಕೊತಕೊತ ಕುದಿಯುತ್ತಿದ್ದ ಹಂಡೆ ಅದು. ಹೌದೇನೋ ಅನಿಸಿತು. (ಸಾವಿನ ಮನೆಯಲ್ಲಿ ಇಂಥವನ್ನೆಲ್ಲ ನಂಬಿಬಿಡುತ್ತೇವೆ.)

ಹೊಸದೊಂದು ಬೇಕಾಯಿತು. ಏನು ತರುವುದು? ಮಾತಾಡಿಸಲು ಬಂದವರಿಗೂ ಒಂದು ವಿಷಯ ಸಿಕ್ಕಿತು. ಪಾಪ, ಅವರಾದರೂ ಎಷ್ಟು ಹೊತ್ತು ಸುಮ್ಮನೆ ಕೂರುತ್ತಾರೆ? ಸೋಲಾರ್ ಹಾಕಿಸು ಎಂದರು ಒಬ್ಬರು. ಮೋಡ ಬಂದರೆ ಏನು ಮಾಡ್ತೀಯಾ ಎಂದರು ಅವರ ಪಕ್ಕದವರು. ಗ್ಯಾಸ್ ಗೀಸರ್ ಒಳ್ಳೇದು ಎಂದವರಿಗೆ ಬಾಗಿಲು ಹಾಕ್ಕೊಂಡು ಸ್ನಾನ ಮಾಡೋರಿಗೆ ಅದು ಅಪಾಯ ಎಂದು ಇನ್ನೊಬ್ಬರು ಹೇಳಿದರು. ಅವ್ವ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ನಾನೂ ನನ್ನ ಹೆಂಡತಿ ಸವಿತಾಳೂ ಪೇಟೆಯ ಅಂಗಡಿಗೆ ಹೋದೆವು. ಅಂಗಡಿಯವನ ಮೊದಲ ಪ್ರಶ್ನೆ: "ಮನೇಲಿ ಎಷ್ಟ್ ಜನ ಸಾರ್? ಅದ್ರ ಮೇಲೆ ಲೀಟರ್ ಹೇಳ್ತೀನಿ."

"ಐದು," ಎಂದೆ.

ಸವಿತಾ ನನ್ನ ಮುಖ ನೋಡಿದಳು. ಅಪ್ಪನನ್ನೂ ಸೇರಿಸಿ ಎಣಿಸಿದ್ದೆ. ನಾಳೆ ಬರುತ್ತೇವೆ ಎಂದು ಹೇಳಿ ವಾಪಸ್ ಬಂದೆವು.

ನಿಜ ಹೇಳಬೇಕೆಂದರೆ ನನ್ನನ್ನು ತಡೆದದ್ದು ಲೀಟರ್ ಅಲ್ಲ, ಅವ್ವ. ಆ ತಾಮ್ರದ ಹಂಡೆ ಅವಳ ಮದುವೆಯಲ್ಲಿ ನಾಗಮಂಗಲದಿಂದ ಅವಳ ಜೊತೆ ಬಂದದ್ದು. ಕಂಠದ ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಅವಳ ಅಪ್ಪನ ಹೆಸರಿದೆ. ಹಿಂದೆ ಒಮ್ಮೆ ಗೀಸರ್ ಹಾಕಿಸುತ್ತೇನೆ ಎಂದಾಗ ಅಪ್ಪ ಎಗರಿಬಿದ್ದಿದ್ದ: "ನನ್ ತಿಥಿ ಮಾಡ್ಬುಟ್ಟು ಹಾಕುಸ್ಕೋ. ಅದು ನಿಮ್ಮವ್ವನ ತವರು ಕಣ್ಲಾ. ಅದ್ನ ಕಿತ್ತಾಕುದ್ರೆ ಅವ್ಳು ಹೆಂಗ್ ತಡ್ಕಂತಾಳೆ?"

ತಿಥಿ ಆಗಿತ್ತು. ಆದರೆ ಗಂಡನನ್ನು ಕಳೆದುಕೊಂಡವಳಿಂದ ತವರಿನ ಹಂಡೆಯನ್ನೂ ಕಿತ್ತುಕೊಳ್ಳುವುದೇ? ರಿಪೇರಿ ಮಾಡಿಸೋಣ ಎಂದುಕೊಂಡೆ. ಮಾವನಿಗೆ ಫೋನ್ ಮಾಡಿದೆ. ನಾಗಮಂಗಲದಲ್ಲಿ ತಾಮ್ರದ ಕೆಲಸದವರು ಅವನಿಗೆ ಪರಿಚಯ. ಭಾನುವಾರ ಬಂದ. ಇಬ್ಬರೂ ಸೇರಿ ಮಣ್ಣಿನ ಒಲೆ ಒಡೆದು, ಹಂಡೆಯನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದೆವು.

ಮಾವ ಒಳಗೆ ಟಾರ್ಚ್ ಬಿಟ್ಟು ನೋಡಿದ. "ಏನ್ಲಾ ಇದು? ನಿಮ್ಮಪ್ಪ ಹಂಡೆ ಒಳ್ಗೆ ರಾಗಿ ಬಿತ್ತಿದ್ನಾ?"

ತಳದಲ್ಲಿ ಅಂಗೈಯಗಲ ಕಪ್ಪು ಹೆಕ್ಕಳಿಕೆ. ಪದರದ ಮೇಲೆ ಪದರ. ಒಂದು ಚೂರು ಎದ್ದು ಬಂತು. ಮೂಸಿದರೆ ಸೀದ ರಾಗಿ ಮುದ್ದೆಯ ವಾಸನೆ. ಚೂರು ಎದ್ದ ಜಾಗದಲ್ಲಿ ತೂತು. ಸಣ್ಣದಲ್ಲ. ಇವತ್ತು ನಿನ್ನೆಯದೂ ಅಲ್ಲ.

ಅವ್ವ ಜಗಲಿಯಿಂದ ಇಳಿದು ಬಂದಳು. ಆ ಚೂರನ್ನು ಕೈಯಲ್ಲಿ ಹಿಡಿದು ನೋಡಿದಳು. ಅಲ್ಲೇ ಕೂತುಬಿಟ್ಟಳು.

"ದಿನಾ ಊಟ ಆದ್ಮೇಲೆ ತಟ್ಟೆ ಅಂಚ್ನಲ್ಲಿ ಗೋಲಿಯಷ್ಟು ಮುದ್ದೆ ಎತ್ತಿಡೋರು ಕಣ್ಲಾ. ಯಾಕೆ ಅಂದ್ರೆ, ನಾಯಿಗೆ ಅನ್ನೋರು."

ನಾವೂ ನೋಡಿದ್ದೆವು. ನಾಯಿಗೇ ಎಂದುಕೊಂಡಿದ್ದೆವು. (ನಾಯಿ ಸತ್ತು ಎಷ್ಟೋ ಕಾಲವಾಗಿತ್ತು. ಬೀದಿ ನಾಯಿ ಇರಬೇಕು ಎಂದು ನಾವೇ ಸಮಾಧಾನ ಹೇಳಿಕೊಂಡಿದ್ದೆವು.) ನಸುಕಿನಲ್ಲಿ ಎದ್ದು, ಯಾರಿಗೂ ಕಾಣದಂತೆ ಆ ಗೋಲಿಯನ್ನು ತೂತಿಗೆ ಒತ್ತಿ, ಮೇಲೆ ನೀರು ತುಂಬಿ ಬೆಂಕಿ ಹಾಕುತ್ತಿದ್ದ ಮನುಷ್ಯ.

"ಹಂಡೆ ತೂತಾಗದೆ ಅಂತ ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತು?" ಎಂದಳು ಅವ್ವ.

"ನಿನ್ ತವರ್ದು ಅಂತ ಕಣಕ್ಕ. ನೀನು ನೊಂದ್ಕಂತಿಯ ಅಂತ," ಎಂದ ಮಾವ.

"ನಂಗ್ಯಾಕ್ ಬೇಕಾಗಿತ್ತು ಈ ಹಂಡೆ? ಹೊಗೆ ಕುಡ್ದು ಕುಡ್ದು ನನ್ ಕಣ್ಣು ಉರ್ದೋಗ್ತಿದ್ದೊ. ಒಂದ್ ಗೀಸರ್ ಹಾಕುಸ್ರಿ ಅನ್ನೋಕೆ ನಾಲ್ಗೆ ತುದೀಗಂಟ ಬರದು. ಬೆಳಗಾನ ಆ ಬೆಂಕಿ ಮುಂದೆ ಕೂತ್ರೆ ಅವ್ರ್ ಮಂಡಿ ನೋವು ವಸಿ ಕಮ್ಮಿ ಆಯ್ತದೆ ಅಂತ ಸುಮ್ಕಿದ್ದೆ."

ಮಾವ ನಕ್ಕುಬಿಟ್ಟ. "ಅಲ್ಲಾ ಕಣಕ್ಕ, ಭಾವ ಬಚ್ಚಲಲ್ಲಿ ಕೂತ್ಕಂಡು ನನ್ ತಾವ ಬೈಯೋನು, ಈ ದರಿದ್ರ ಮಂಡಿ ಒಲೆ ಮುಂದೆ ಮಡ್ಸಕ್ಕೇ ಬರಾಕಿಲ್ಲ ಅಂತ!"

ಅವ್ವನೂ ನಕ್ಕಳು. ಅಪ್ಪ ಹೋದ ಮೇಲೆ ಮೊದಲ ಸಲ. ನಗುನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. ಉಳಿದ ಹೆಕ್ಕಳಿಕೆಯನ್ನು ಕೆರೆಯಲು ಹೊರಟ ಮಾವನ ಕೈ ಹಿಡಿದು ಹೇಳಿದಳು: "ಕೆರಿಬ್ಯಾಡ. ಅಂಗೇ ಬುಡು."

ಒಬ್ಬರಿಗೊಬ್ಬರು ನೋವು ಕೊಡಬಾರದೆಂದು ಇಬ್ಬರೂ ಅಷ್ಟು ವರ್ಷ ಬೇಡದ ಹಂಡೆಗೆ ಬೆಂಕಿ ಹಾಕಿದ್ದರು. ಇದನ್ನು ಪೆದ್ದುತನ ಅನ್ನಬೇಕೋ ಏನನ್ನಬೇಕೋ ನನಗೆ ಗೊತ್ತಿಲ್ಲ. ನಾನೂ ಸವಿತಾಳೂ ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ. ಆದರೆ ನನ್ನ ಊಟದಲ್ಲಿ ಅವಳಿಗಾಗಿ ಗೋಲಿಯಷ್ಟಾದರೂ ಎತ್ತಿಟ್ಟಿದ್ದೇನಾ?

ಮರುದಿನ ಅಂಗಡಿಗೆ ಅವ್ವನೇ ಬಂದಳು. ಅಂಗಡಿಯವನು ಟ್ಯಾಂಕು, ಕೋಟಿಂಗು, ಸ್ಟಾರು, ವಾರಂಟಿ ಎಲ್ಲ ಹೇಳಿ ಮುಗಿಸಿದ. ಅವ್ವ ಕೇಳಿದ್ದು ಒಂದೇ.

"ನೀರ್ ಕಾದ್ಮೇಲೆ ಏನ್ ಮಾಡ್ತದಪ್ಪ ಇದು?"

"ಕೆಂಪು ಲೈಟು ಆಫ್ ಆಯ್ತದೆ ಅಮ್ಮ."

"ಕೂಗಾಕಿಲ್ವಾ?"

ಅವನು ನಕ್ಕ. ನಮಗೆ ನಗು ಬರಲಿಲ್ಲ. "ನೀರ್ ಕಾದವೆ, ಬಾರಮ್ಮೀ" ಎಂದು ಬಚ್ಚಲಿಂದ ಅಪ್ಪ ಕೂಗುತ್ತಿದ್ದ. ಮೊದಲ ಬಿಸಿನೀರು ಅವ್ವನಿಗೆ. ಆಮೇಲೆ ನಾವೆಲ್ಲ.

ಗೋಡೆಗೆ ಬಿಳಿಯ ಗೀಸರ್ ಬಂತು. ಮೊದಲ ಬೆಳಿಗ್ಗೆ ಸವಿತಾ ಸ್ವಿಚ್ ಹಾಕಿ ಅಡುಗೆಮನೆಗೆ ಹೋದಳು. ಕೆಂಪು ದೀಪ ಯಾವಾಗಲೋ ಆರಿತ್ತು. ಯಾರೂ ಬಚ್ಚಲಿಗೆ ಹೋಗಿರಲಿಲ್ಲ. ನಾನು ಹಾಸಿಗೆಯಲ್ಲಿ, ಮಗಳು ಹೊದಿಕೆಯೊಳಗೆ, ಅವ್ವ ಕೋಣೆಯ ಮಂಚದ ಮೇಲೆ ಟವೆಲ್ ಮಡಿಲಲ್ಲಿಟ್ಟುಕೊಂಡು. ಮನೆಯವರೆಲ್ಲ ಕಿವಿ ಕೊಟ್ಟು ಕಾಯುತ್ತಿದ್ದೆವು. ಕಾಯುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ.

ಮಾರನೇ ದಿನ ನಾನು ಬೇಗ ಎದ್ದೆ. ದೀಪ ಆರುವವರೆಗೂ ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಗಂಟಲು ಸರಿಮಾಡಿಕೊಂಡು ಕರೆದೆ.

"ಅವ್ವಾ, ನೀರ್ ಕಾದವೆ."

ಕೋಣೆಯಿಂದ ಬಂತು ಉತ್ತರ:

"ಯಾಕ್ಲಾ, ನಿಮ್ಮಪ್ಪನಂಗೆ ಜೋರಾಗ್ ಕೂಗಕ್ಕೆ ಬರಾಕಿಲ್ವಾ ನಿಂಗೆ?"